ಇಪ್ಪತ್ತು ವರ್ಷ ಪ್ಯಾನೆಲ್ ನೋಡಿದವರಿಗೂ ಸಿಮ್ಯುಲೇಟರ್ ಬೇಕಾ?

ಕಾರ್ಖಾನೆಯಲ್ಲಿ ಹಳೇ ಕಂಟ್ರೋಲ್ ಪ್ಯಾನೆಲ್ ತೆಗೆದು ಡಿಸಿಎಸ್ (ಕಂಪ್ಯೂಟರ್ ಸ್ಕ್ರೀನ್‌ನಿಂದ ಪ್ಲಾಂಟ್ ಓಡಿಸುವ ವ್ಯವಸ್ಥೆ) ಕೂರಿಸುವ ಕಡೆಯಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. "ನಮ್ಮ ಆಪರೇಟರ್‌ಗಳು ಇಪ್ಪತ್ತು ವರ್ಷದಿಂದ ಇದೇ ಪ್ಲಾಂಟ್ ಓಡಿಸಿದ್ದಾರೆ. ಪೈಪು, ಪಂಪು ಎಲ್ಲ ಅವೇ, ಬದಲಾಗಿದ್ದು ಸ್ಕ್ರೀನ್ ಮಾತ್ರ. ಎರಡು ದಿನ ಕೂರಿಸಿ ತೋರಿಸಿದರೆ ಸಾಲದಾ?"

ಸಾಲದು. ಹೊಸಬರಿಗಿಂತ ಅವರಿಗೇ ಸಿಮ್ಯುಲೇಟರ್, ಅಂದರೆ ಪ್ಲಾಂಟಿನಂತೆಯೇ ವರ್ತಿಸುವ ಕಂಪ್ಯೂಟರ್ ಮಾಡೆಲ್, ಹೆಚ್ಚು ಬೇಕು. ಹೊಸಬರು ಯೋಚಿಸಿ ಕೈ ಇಡುತ್ತಾರೆ. ಅನುಭವಿಗಳ ಕೈ ಯೋಚನೆಗಿಂತ ಮುಂಚೆ ಓಡುತ್ತದೆ. ಇಷ್ಟು ವರ್ಷ ಪ್ಲಾಂಟ್ ಉಳಿಸಿದ್ದು ಅದೇ ಕೈ, ಈಗ ತಪ್ಪು ದಿಕ್ಕಿಗೆ ಹೋಗುವುದೂ ಅದೇ.

ಕೂಲಿಂಗ್ ವಾಟರ್ ವಾಲ್ವನ್ನೇ ತೆಗೆದುಕೊಳ್ಳಿ. ಗಾಳಿ ಹೋದರೆ ತೆರೆದುಕೊಳ್ಳುವ ಜಾತಿಯದು. ಹಳೇ ಪ್ಯಾನೆಲ್‌ನಲ್ಲಿ ಕಾಣುತ್ತಿದ್ದದ್ದು ವಾಲ್ವಿಗೆ ಹೋಗುವ ಗಾಳಿಯ ಒತ್ತಡ: 3 ಪಿಎಸ್‌ಐ ಅಂದರೆ ಪೂರ್ತಿ ತೆರೆದಿದೆ, 15 ಅಂದರೆ ಮುಚ್ಚಿದೆ. ಹೆಚ್ಚು ನೀರು ಬೇಕಾದರೆ ಔಟ್‌ಪುಟ್, ಅಂದರೆ ವಾಲ್ವಿಗೆ ಹೋಗುವ ಸಂಕೇತ, ಇಳಿಸಬೇಕು. ಹೊಸ ಸ್ಕ್ರೀನ್‌ನಲ್ಲಿ ಇಂಜಿನಿಯರ್‌ಗಳು ಎಲ್ಲ ವಾಲ್ವಿಗೂ 100 ಎಂದರೆ ಪೂರ್ತಿ ತೆರೆದಿದೆ ಎಂದು ಒಂದೇ ನಿಯಮ ಮಾಡಿರುತ್ತಾರೆ. ಸರಿಯಾದ ಕೆಲಸವೇ. ತರಗತಿಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ನಡುರಾತ್ರಿ ರಿಯಾಕ್ಟರ್ ತಾಪಮಾನ ಸರಸರ ಏರುವಾಗ ಕೈ ಔಟ್‌ಪುಟ್ ಇಳಿಸುತ್ತದೆ, ನೀರು ನಿಲ್ಲುತ್ತದೆ. ಈ ತಪ್ಪು ಒಮ್ಮೆಯಾದರೂ ಆಗಬೇಕು, ಏನೂ ಸುಡದ ಜಾಗದಲ್ಲಿ.

ಹಾಗಾಗಿ ಮೊದಲು ಮಾಡಬೇಕಾದದ್ದು ಸಾಫ್ಟ್‌ವೇರ್ ಖರೀದಿಯಲ್ಲ, ವ್ಯತ್ಯಾಸಗಳ ಪಟ್ಟಿ. ಪ್ರತಿ ಶಿಫ್ಟಿನಿಂದ ಒಬ್ಬ ಹಿರಿಯ ಆಪರೇಟರ್, ಒಬ್ಬ ಇನ್‌ಸ್ಟ್ರುಮೆಂಟ್ ಇಂಜಿನಿಯರ್ ಹಳೇ ಪ್ಯಾನೆಲ್ ಮುಂದೆ ನಿಂತು ಒಂದೊಂದು ಲೂಪಿನ (ಒಂದು ಅಳತೆ, ಅದನ್ನು ನೋಡಿ ವಾಲ್ವ್ ಸರಿಪಡಿಸುವ ಕಂಟ್ರೋಲರ್) ಬಗ್ಗೆಯೂ ಕೇಳಬೇಕು: ಇದು ಹೊಸದರಲ್ಲಿ ಎಲ್ಲಿದೆ, ಎಷ್ಟು ಕ್ಲಿಕ್ ದೂರ, ದಿಕ್ಕು ಅದೇನಾ, ಆಟೋದಿಂದ ಮ್ಯಾನುಯಲ್‌ಗೆ ಹಾಕಿದಾಗ ಏನಾಗುತ್ತದೆ, ಮೊದಲು ಕಣ್ಣಂಚಲ್ಲಿ ಕಾಣುತ್ತಿದ್ದದ್ದು ಈಗ ಕಾಣುತ್ತದೆಯಾ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ಅಭ್ಯಾಸಪಾಠ. ಸ್ಕ್ರೀನ್ ತಯಾರಿಸಿದವರು ಜೊತೆಗೆ ಕೊಡುವ ಸಿದ್ಧ ಪಾಠಗಳು ಗುಂಡಿಗಳ ಪರಿಚಯಕ್ಕಷ್ಟೇ ಸಾಕು.

ಒಂದು ಪಾಠ ಹೇಗಿರುತ್ತದೆ ನೋಡೋಣ. ಬಾಯ್ಲರ್ ಗಂಟೆಗೆ 45 ಟನ್ ಹಬೆ ಕೊಡುತ್ತಿದೆ, ಅದರ ಡ್ರಮ್ಮಿನ ನೀರಿನ ಲೆವೆಲ್ ಥ್ರೀ ಎಲಿಮೆಂಟ್ ಕಂಟ್ರೋಲ್‌ನಲ್ಲಿದೆ (ಲೆವೆಲ್, ಹಬೆಯ ಹರಿವು, ನೀರಿನ ಹರಿವು ಮೂರನ್ನೂ ನೋಡಿ ನೀರು ಬಿಡುವ ಕ್ರಮ). ಬೋಧಕರು ತಮ್ಮ ಸ್ಟೇಷನ್‌ನಿಂದ ಫೀಡ್ ವಾಟರ್ ಫ್ಲೋ ಟ್ರಾನ್ಸ್‌ಮಿಟರನ್ನು (ಒಳಹೋಗುವ ನೀರಿನ ಹರಿವಿನ ಮಾಪಕ) 45ರಲ್ಲೇ ಸ್ತಬ್ಧ ಮಾಡಿ, ಆಮೇಲೆ ಬೇಡಿಕೆಯನ್ನು 55ಕ್ಕೆ ಏರಿಸುತ್ತಾರೆ. ಲೆವೆಲ್ ಏರತೊಡಗುತ್ತದೆ. ಅನುಭವಿ ಗಾಬರಿಯಾಗುವುದಿಲ್ಲ: ಹಬೆ ಹೆಚ್ಚು ಎಳೆದಾಗ ಡ್ರಮ್ ಒತ್ತಡ ಕುಸಿದು, ನೀರಿನೊಳಗಿನ ಗುಳ್ಳೆಗಳು ಹಿಗ್ಗಿ ಲೆವೆಲ್ ಸ್ವಲ್ಪ ಹೊತ್ತು ಸುಳ್ಳೇ ಏರುತ್ತದೆ ಎಂದು ಗೊತ್ತು. ಕಾಯುತ್ತಾರೆ. ಈ ಏರಿಕೆ ಮಾತ್ರ ಇಳಿಯುವುದಿಲ್ಲ. ಫ್ಲೋ ಕಂಟ್ರೋಲರ್‌ಗೆ 55 ಬೇಕು, ಕಾಣುವುದು 45. ಅದು ವಾಲ್ವ್ ತೆರೆಯುತ್ತಲೇ ಹೋಗುತ್ತದೆ: 52 ಪರ್ಸೆಂಟ್, 60, 71. ನಿಜವಾದ ನೀರು ಡ್ರಮ್ ತುಂಬುತ್ತಿದೆ.

ಹಳೇ ಪ್ಯಾನೆಲ್‌ನಲ್ಲಿ ಇದು ಬೇಗ ಸಿಗುತ್ತಿತ್ತು. ಚಾರ್ಟ್ ಕಾಗದದ ಮೇಲೆ ಉಳಿದ ಪೆನ್ನುಗಳು ನಡುಗುತ್ತಿರುವಾಗ ಒಂದು ಮಾತ್ರ ಸ್ಕೇಲು ಇಟ್ಟು ಎಳೆದಂತೆ ನೇರ ಹೋಗುತ್ತಿತ್ತು. ಹೊಸ ಸ್ಕ್ರೀನ್‌ನಲ್ಲಿ 45.0 ಎಂಬ ಅಂಕಿ ಠೀಕಾಗಿಯೇ ಕೂತಿರುತ್ತದೆ. ಕಲಿಯಬೇಕಾದ ಹೊಸ ಅಭ್ಯಾಸ ಇದು: ಔಟ್‌ಪುಟ್ ಚಲಿಸಿ ಫ್ಲೋ ಅಲುಗದಿದ್ದರೆ ತಕ್ಷಣ ಟ್ರೆಂಡ್ (ಅಳತೆ ಹೇಗೆ ಬದಲಾಗುತ್ತಿದೆ ಎಂದು ತೋರಿಸುವ ಗೆರೆ) ತೆರೆ, ವಾಲ್ವನ್ನು ಮ್ಯಾನುಯಲ್‌ಗೆ ಹಾಕಿ ಹಿಂದಕ್ಕೆ ತಾ, ಲೆವೆಲ್ ಹಿಡಿತಕ್ಕೆ ಬಂದ ಮೇಲೆ ಲೆವೆಲ್ ಒಂದನ್ನೇ ನೋಡುವ ಸಿಂಗಲ್ ಎಲಿಮೆಂಟ್‌ಗೆ ಬದಲಿಸು. ತಡವಾದರೆ ನೀರು ಹಬೆಯ ಜೊತೆ, ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್‌ಗೆ ಹೋಗುತ್ತದೆ. ಸಿಮ್ಯುಲೇಟರ್‌ನಲ್ಲಿ ಅಲ್ಲೇ ಫ್ರೀಜ್ ಮಾಡಿ, ಮೂರು ನಿಮಿಷ ಹಿಂದಿನ ಸ್ನ್ಯಾಪ್‌ಶಾಟ್‌ಗೆ ಹೋಗಿ ಮತ್ತೆ ಓಡಿಸಬಹುದು.

ಸ್ಕ್ರೀನ್‌ನಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಕಾಣುವುದೂ ಸಣ್ಣ ವಿಷಯವಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯಲ್ಲಿ ಸ್ಟಾರ್ಟಪ್ ವೇಳೆ ಒಂದು ಟವರ್ ಮಿತಿಮೀರಿ ತುಂಬಿ, ಸ್ಫೋಟವಾಗಿ 15 ಜನ ಸತ್ತರು. ಲೆವೆಲ್ ಮಾಪಕ ತಪ್ಪು ತೋರಿಸುತ್ತಿತ್ತು; ಜೊತೆಗೆ ಒಳಬರುವ ಹರಿವು ಒಂದು ಸ್ಕ್ರೀನ್‌ನಲ್ಲಿ, ಹೊರಹೋಗುವುದು ಇನ್ನೊಂದರಲ್ಲಿತ್ತು. ಎರಡನ್ನೂ ಒಂದೇ ಟ್ರೆಂಡ್‌ನಲ್ಲಿ ಹಾಕಿಕೊಂಡು ಲೆಕ್ಕ ನೋಡುವುದನ್ನು ಪಾಠದೊಳಗೇ ಸೇರಿಸಬೇಕು.

ಸಿಮ್ಯುಲೇಟರೂ ತಪ್ಪು ಕಲಿಸಬಲ್ಲದು, ಇದನ್ನು ಮಾರುವವರು ಹೇಳುವುದಿಲ್ಲ. 1979ರ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದಲ್ಲಿ ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ಮುಚ್ಚದೆ ಸಿಕ್ಕಿಕೊಂಡು, ಒತ್ತಡ ಬೀಳುತ್ತಿದ್ದರೂ ಪ್ರೆಶರೈಸರ್ (ರಿಯಾಕ್ಟರ್ ನೀರಿನ ಒತ್ತಡ ಕಾಯುವ ಟ್ಯಾಂಕ್) ಲೆವೆಲ್ ಏರಿತು. ಲೆವೆಲ್ ಮೇಲೇರಲು ಬಿಡಬಾರದು ಎಂದು ಕಲಿತಿದ್ದ ಆಪರೇಟರ್‌ಗಳು ರಿಯಾಕ್ಟರ್ ತಂಪಾಗಿಸುವ ತುರ್ತು ನೀರನ್ನು ತಗ್ಗಿಸಿದರು. ಅವರು ತರಬೇತಿ ಪಡೆದಿದ್ದ ಸಿಮ್ಯುಲೇಟರ್‌ನಲ್ಲಿ ಇಂಥ ಸ್ಥಿತಿಯನ್ನು ಅಳವಡಿಸಿಯೇ ಇರಲಿಲ್ಲ.

ದಿನನಿತ್ಯದ ಮಟ್ಟದಲ್ಲಿ ಕೆಡುವುದು ಇನ್ನೂ ಸರಳ ಕಡೆ. ಮಾಡೆಲ್‌ನಲ್ಲಿ ಮೋಟರ್ ವಾಲ್ವ್ ಎರಡೇ ಸೆಕೆಂಡಿನಲ್ಲಿ ಮುಚ್ಚುತ್ತದೆ, ಪ್ಲಾಂಟ್‌ನಲ್ಲಿ ಅದಕ್ಕೆ ಒಂದು ನಿಮಿಷ ಹಿಡಿಯಬಹುದು. ಅಲ್ಲಿ ಗೆದ್ದವರು ಇಲ್ಲಿ ಸೋಲುತ್ತಾರೆ. ಮುಖ್ಯ ವಾಲ್ವ್‌ಗಳ ಸಮಯವನ್ನು ಸ್ಟಾಪ್‌ವಾಚ್ ಹಿಡಿದು ಅಳೆದು ಮಾಡೆಲ್‌ಗೆ ಹಾಕಿ. "ಬೈಪಾಸ್ ತೆರೆಯಿರಿ" ಎಂದು ವಾಕಿಟಾಕಿಯಲ್ಲಿ ಹೇಳಿದಾಗ ಫೀಲ್ಡ್ ಆಪರೇಟರ್ ಪಾತ್ರದ ಬೋಧಕರು ಮೆಟ್ಟಿಲು ಹತ್ತುವಷ್ಟು ಹೊತ್ತು ಕಾದೇ "ಆಯ್ತು" ಅನ್ನಬೇಕು. ಅಲಾರ್ಮ್ ಪಟ್ಟಿ ಪ್ಲಾಂಟಿಗೆ ಹೋಗುವ ಆವೃತ್ತಿಯದ್ದೇ ಇರಲಿ. ಒಬ್ಬ ಆಪರೇಟರ್‌ಗೆ ಹತ್ತು ನಿಮಿಷದಲ್ಲಿ 10ಕ್ಕಿಂತ ಹೆಚ್ಚು ಅಲಾರ್ಮ್ ಬಂದರೆ ಅದನ್ನು ಪ್ರವಾಹ ಎಂದೇ ಎಣಿಸುತ್ತಾರೆ, ಅದರಲ್ಲೂ ಅಭ್ಯಾಸ ಬೇಕು.

ಒಂದು ಬ್ಯಾಚಿಗೆ ಇಬ್ಬರು ಸಾಕು. ಒಂದೂವರೆ ಗಂಟೆಯಲ್ಲಿ ಓಡಿಸುವುದು 40 ನಿಮಿಷ, ಮಾತಾಡುವುದೂ ಹೆಚ್ಚುಕಡಿಮೆ ಅಷ್ಟೇ. "ಯಾಕೆ ಹಾಗೆ ಮಾಡಿದಿರಿ?" ಅಂದರೆ ಸಮರ್ಥನೆ ಬರುತ್ತದೆ. "ಆಗ ನಿಮ್ಮೆದುರು ಯಾವ ಸ್ಕ್ರೀನ್ ಇತ್ತು?" ಅಂದರೆ ವಿಷಯ ಬರುತ್ತದೆ. ಅಂಕ ಕೊಟ್ಟು ಮ್ಯಾನೇಜರ್‌ಗೆ ಕಳಿಸುವ ಯೋಚನೆಯಿದ್ದರೆ ಈ ತರಬೇತಿಯೇ ಬೇಡ. ಕೆಲಸ ಹೋಗುವ ಭಯ ಮೊದಲೇ ಇರುತ್ತದೆ. ಅಂಕ ಬಂದರೆ ಎಲ್ಲರೂ ಸುಮ್ಮನೆ ಪ್ಲಾಂಟ್ ನಿಲ್ಲಿಸುವ ಟ್ರಿಪ್ ಬಟನ್ ಒತ್ತಿ ಸೇಫಾಗುತ್ತಾರೆ.

ಇಡೀ ಪ್ಲಾಂಟಿನ ಮಾಡೆಲ್‌ಗೆ ದುಡ್ಡಿಲ್ಲದಿದ್ದರೆ ಪಟ್ಟಿಯಲ್ಲಿ ಅತಿ ಅಪಾಯದ ಐದಾರು ಲೂಪ್‌ಗಳ ಮಾಡೆಲ್ ಮಾಡಿಸಿ, ಆದರೆ ಸ್ಕ್ರೀನ್ ಮಾತ್ರ ಅಸಲಿಯದೇ ಆಗಿರಲಿ. ಬದಲಾವಣೆಗೆ ಎರಡು ತಿಂಗಳು ಮುಂಚೆ ಶುರುಮಾಡಿ, ಕಟ್‌ಓವರ್ (ಹೊಸ ಸ್ಕ್ರೀನ್‌ಗೆ ದಾಟುವುದು) ಆದ ಒಂದು ತಿಂಗಳ ನಂತರ ಅದೇ ಪಾಠಗಳನ್ನು ಇನ್ನೊಮ್ಮೆ ಓಡಿಸಿ. ಪಟ್ಟಿಯಲ್ಲಿ ಬಿಟ್ಟುಹೋದ ವ್ಯತ್ಯಾಸಗಳು ಅಷ್ಟೊತ್ತಿಗೆ ಶಿಫ್ಟ್ ಲಾಗ್‌ಬುಕ್‌ನಲ್ಲಿ ಸಿಗುತ್ತವೆ.