ಸೌಂಡ್ ಹೇಗಿದೆ ಅಂತ ಯಾರೂ ಕೇಳಲಿಲ್ಲ

ಗಿಟಾರ್ ಆಂಪ್, ಅಂದರೆ ಗಿಟಾರಿನ ಆಂಪ್ಲಿಫೈಯರ್, ಕೈಯಲ್ಲಿ ಕಟ್ಟುವವರನ್ನು ಮಾತಿಗೆಳೆದರೆ ರಾತ್ರಿಯಿಡೀ ಸೌಂಡ್ ಬಗ್ಗೆ ಹೇಳುತ್ತಾರೆ. ಯಾವ ಟ್ಯೂಬ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್), ಯಾವ ಕೆಪಾಸಿಟರ್, ಯಾವ ಸ್ಪೀಕರ್. ನಾನೂ ಅದೇ ಜಾತಿಯವನು. ಆದರೆ ಟೆಸ್ಟಿಂಗ್ ಲ್ಯಾಬಿನಲ್ಲಿ ಕಳೆದ ಆ ದಿನ ನಮ್ಮ ಆಂಪಿಗೆ ಒಬ್ಬರೂ ಗಿಟಾರ್ ಸಿಕ್ಕಿಸಿ ನೋಡಲಿಲ್ಲ. ಬಂದ ತಕ್ಷಣ ಸ್ಪೀಕರ್ ವೈರ್ ಬಿಚ್ಚಿ, ಅದರ ಜಾಗಕ್ಕೆ ಒಂದು ದಪ್ಪ ರೆಸಿಸ್ಟರ್ ಕೂರಿಸಿಬಿಟ್ಟರು.

ನಮ್ಮದು ಚಿಕ್ಕ ಆಂಪ್. ಎರಡು ಇಎಲ್84 ಟ್ಯೂಬು, ಸುಮಾರು 15 ವ್ಯಾಟ್. ಚಿಕ್ಕದು ಅಂದರೂ ಒಳಗೆ 300 ವೋಲ್ಟಿಗೂ ಜಾಸ್ತಿ ಡಿಸಿ ಓಡಾಡುತ್ತದೆ. ನಾನು ಮತ್ತು ಗೆಳೆಯ ಇಬ್ಬರೇ ಕೂತು ಕಟ್ಟುತ್ತೇವೆ. ಯುರೋಪಿನ ಒಬ್ಬ ಡೀಲರಿಗೆ ಅದು ಇಷ್ಟವಾಯಿತು. ಆದರೆ ಸಿಇ ಗುರುತು (ಯುರೋಪಿನ ನಿಯಮಗಳಿಗೆ ಹೊಂದುತ್ತದೆ ಎನ್ನುವ ಮುದ್ರೆ) ಮತ್ತು ಅದರ ಹಿಂದಿನ ಕಾಗದ ಇಲ್ಲದೆ ಒಂದನ್ನೂ ತರಿಸುವುದಿಲ್ಲ ಎಂದರು. ಈ ಥರದ ವಸ್ತುವಿಗೆ ಲ್ಯಾಬಿಗೆ ಹೋಗಲೇಬೇಕು ಅಂತ ಅಲ್ಲಿನ ಕಾನೂನು ಹೇಳುವುದಿಲ್ಲ. ನೀವೇ ಪರೀಕ್ಷೆ ಮಾಡಿ, ದಾಖಲೆ ಬರೆದಿಟ್ಟು, ನೀವೇ ಸಹಿ ಹಾಕಬಹುದು. ನಾಳೆ ಯಾರಿಗಾದರೂ ಶಾಕ್ ಹೊಡೆದರೆ ಆ ಸಹಿ ಹಾಕಿದವನೇ ಉತ್ತರ ಕೊಡಬೇಕು, ಅಷ್ಟೇ. ಪರೀಕ್ಷೆ ಮಾಡುವ ಯಂತ್ರಗಳ ಬೆಲೆ ಕೇಳಿದ ಮೇಲೆ ಲ್ಯಾಬೇ ವಾಸಿ ಅನ್ನಿಸಿತು.

ಈ ನಿಯಮಗಳನ್ನು ಕಂಡರೆ ನಮ್ಮ ವಲಯದಲ್ಲಿ ಅನೇಕರಿಗೆ ಆಗುವುದಿಲ್ಲ. ನನಗೆ ಆ ಸಿಟ್ಟು ಇಲ್ಲ. ಹಳೇ ಅಮೆರಿಕನ್ ಆಂಪುಗಳಲ್ಲಿ ಎರಡೇ ಪಿನ್ನಿನ ಪ್ಲಗ್ ಇರುತ್ತಿತ್ತು. ಮೇನ್ಸಿನಿಂದ, ಅಂದರೆ ಗೋಡೆಯ ಕರೆಂಟಿನಿಂದ, ಆಂಪಿನ ಲೋಹದ ಚೌಕಟ್ಟಾದ ಷಾಸಿಗೆ ಒಂದು ಕೆಪಾಸಿಟರ್ ಸೇರಿಸಿರುತ್ತಿದ್ದರು. ಅದು ಒಳಗೇ ಶಾರ್ಟ್ ಆದರೆ ಷಾಸಿಗೆ ಲೈವ್ ಕರೆಂಟು, ಅಲ್ಲಿಂದ ಗಿಟಾರಿನ ತಂತಿಗೂ. ರಿಪೇರಿಯವರು ಅದಕ್ಕೆ ಇಟ್ಟ ಹೆಸರು ‘ಡೆತ್ ಕ್ಯಾಪ್’. ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ಕರೆಂಟು ಹೊಡೆದು ಸತ್ತರು. ಅರ್ಥಿಂಗ್ ಸರಿ ಇರಲಿಲ್ಲ. ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲಿ ಗಿಟಾರ್ ನುಡಿಸುವಾಗಲೇ ಕರೆಂಟು ಹೊಡೆದು ಹೋದರು. ವೇದಿಕೆಯಲ್ಲಿ ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಹತ್ತಿರ. ಗಿಟಾರಿಸ್ಟ್ ನಿಲ್ಲುವ ರೀತಿಯೇ ಕರೆಂಟಿಗೆ ದಾರಿ ಮಾಡಿಕೊಟ್ಟ ಹಾಗಿರುತ್ತದೆ, ಅಲ್ವಾ?

ಲ್ಯಾಬಿನ ಎಂಜಿನಿಯರ್ ಮೊದಲು ನೋಡಿದ್ದು ಅರ್ಥಿಂಗ್ ಬೋಲ್ಟ್. ಹಳದಿ ಹಸಿರು ವೈರು, ಅದಕ್ಕೆ ತನ್ನದೇ ಬೋಲ್ಟು, ಕೆಳಗೆ ಬಣ್ಣ ಕೆರೆದ ಬರಿಯ ಲೋಹ, ಹಲ್ಲಿರುವ ವಾಷರ್. ‘ಟ್ರಾನ್ಸ್‌ಫಾರ್ಮರ್ ಬೋಲ್ಟಿಗೇ ಸಿಕ್ಕಿಸಿಲ್ಲ ತಾನೆ?’ ಎಂದು ಕೇಳಿ, ಸ್ವತಃ ಬಗ್ಗಿ ನೋಡಿ ತಲೆಯಾಡಿಸಿದರು. ಆಮೇಲೆ ಅದರ ಮೂಲಕ 25 ಆಂಪಿಯರ್ ಹರಿಸಿದರು. ರೆಸಿಸ್ಟೆನ್ಸ್ 0.1 ಓಮ್ ದಾಟುವಂತಿಲ್ಲ. ದಾಟಲಿಲ್ಲ. ಮೇನ್ಸ್ ಮತ್ತು ಷಾಸಿಯ ನಡುವೆ 1,500 ವೋಲ್ಟಿಗೂ ಮೇಲೆ ಕೊಟ್ಟು ಇನ್ಸುಲೇಶನ್ ಒಡೆಯುತ್ತದಾ ನೋಡಿದರು. ಒಂದು ಲೋಹದ ಬೆರಳೂ ಇದೆ ಅವರ ಹತ್ತಿರ, ಮನುಷ್ಯನ ಬೆರಳಿನ ಹಾಗೇ ಗೆಣ್ಣುಗಳಲ್ಲಿ ಬಗ್ಗುತ್ತದೆ. 12 ಮಿಲಿಮೀಟರ್ ದಪ್ಪ, 80 ಮಿಲಿಮೀಟರ್ ಉದ್ದ. ಅದನ್ನು ಹಿಂದಿನ ಜಾಲರಿಯ ಪ್ರತಿ ಸಂದಿಗೂ ತೂರಿಸಿ ನೋಡಿದರು.

ಆಮೇಲೆ ಶುರುವಾಯಿತು ನಿಜವಾದ ಪರೀಕ್ಷೆ. ಬೇಕಂತಲೇ ಕೆಡಿಸುವುದು! ‘ಈಗ ಈ ಟ್ಯೂಬ್ ಒಳಗೇ ಶಾರ್ಟ್ ಆಗಿದೆ ಅಂದ್ಕೊಳ್ಳಿ’ ಎಂದು ಸಾಕೆಟ್ಟಿನ ಪ್ಲೇಟ್ ಪಿನ್ನನ್ನೂ ಕ್ಯಾಥೋಡ್ ಪಿನ್ನನ್ನೂ ವೈರಿನಿಂದ ಸೇರಿಸಿದರು. ಸ್ವಿಚ್ ಹಾಕಿದರು. ಟಪ್ ಅಂತ ಎಚ್‌ಟಿ (ಹೈ ವೋಲ್ಟೇಜ್ ಕಡೆಯ) ಫ್ಯೂಸ್ ಹೋಯಿತು. ಅದು ಒಳ್ಳೆಯದು. ಕಷ್ಟ ಇರುವುದು ಫ್ಯೂಸ್ ಹೋಗದ ಓವರ್‌ಲೋಡಿನಲ್ಲಿ. ಫ್ಯೂಸ್ ತಡೆದುಕೊಳ್ಳುವಷ್ಟೇ ಕರೆಂಟು ಎಳೆಸುತ್ತಾ ಪವರ್ ಟ್ರಾನ್ಸ್‌ಫಾರ್ಮರನ್ನು ಬೇಯಲು ಬಿಡುತ್ತಾರೆ. ಮೇಲೆ ತೆಳುವಾದ ಹತ್ತಿ ಬಟ್ಟೆ ಹೊದಿಸುತ್ತಾರೆ. ಅದು ಹೊತ್ತಿಕೊಂಡರೆ ಫೇಲ್. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ವೈಂಡಿಂಗ್ ಪಕ್ಕ ಅಂಟಿಸಿದ, ಬಿಸಿ ಅಳೆಯುವ ತೆಳ್ಳನೆಯ ಥರ್ಮೋಕಪಲ್ ವೈರಿನಿಂದ ಸ್ಕ್ರೀನಿನ ಮೇಲೆ ಒಂದು ಗೆರೆ ಏರುತ್ತಾ ಹೋಗುತ್ತದೆ. ಬಿಸಿಯಾದ ವಾರ್ನಿಷ್ ವಾಸನೆ ಮೂಗಿಗೆ ಬಡಿದಾಗ ನಾನು ಎದ್ದು ನಿಂತೆ. ಎಂಜಿನಿಯರ್ ಚಹಾ ಕುಡಿಯುತ್ತಿದ್ದರು. ‘ಕೂತ್ಕೊಳ್ಳಿ, ಇದು ವಾಸನೆ ಮಾತ್ರ. ಹೊಗೆ ಬಂದರೆ ನಾನೇ ಹೇಳ್ತೀನಿ.’ ಬಟ್ಟೆ ಕಂದು ಬಣ್ಣಕ್ಕೂ ತಿರುಗಲಿಲ್ಲ. ಗೆರೆ ನೆಟ್ಟಗಾಯಿತು. ಪಾಸ್.

ಇಷ್ಟಕ್ಕೆ ಮುಗಿದಿದ್ದರೆ ನಾನು ಕುಣಿದುಕೊಂಡು ಮನೆಗೆ ಹೋಗುತ್ತಿದ್ದೆ. ಆಗ ಅವರು ಫೈಲ್ ತೆಗೆದರು.

‘ಈ ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತುವ ಬಾಬಿನ್ ಯಾವ ಪ್ಲಾಸ್ಟಿಕ್? ಲೇಯರ್ ಮಧ್ಯದ ಟೇಪ್ ಯಾರದು? ವಾರ್ನಿಷ್? ಇನ್ಸುಲೇಶನ್ ಕ್ಲಾಸ್ ಬಿ, 130 ಡಿಗ್ರಿ ಅಂತ ಬರೆದಿದ್ದೀರಿ. ಸರ್ಟಿಫಿಕೇಟ್ ಎಲ್ಲಿ?’

ನಮಗೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರು ವಯಸ್ಸಾದವರು. ಕೈ ಬಹಳ ಶುದ್ಧ. ಅಲ್ಲಿಂದಲೇ ಫೋನ್ ಹಚ್ಚಿದೆ. ‘ಸಾರ್, ಟೇಪ್ ಯಾವುದು ಹಾಕ್ತೀರಿ?’

‘ಯಾವಾಗಲೂ ಹಾಕೋದೇ ಕಣಯ್ಯಾ. ಒಳ್ಳೇದೇ ಹಾಕಿದೀನಿ. ಏನಾಯ್ತೀಗ?’

ಏನೂ ಆಗಿರಲಿಲ್ಲ, ಅದೇ ತಮಾಷೆ. ಆಗತಾನೇ ಗಂಟೆಗಟ್ಟಲೆ ಬೆಂದರೂ ಜಗ್ಗದ ವಸ್ತು ಎದುರಿಗೇ ಇದೆ. ಅದು ಯಾವುದರಿಂದ ಆಗಿದೆ ಅನ್ನುವುದಕ್ಕೆ ಮಾತ್ರ ಕಾಗದ ಇಲ್ಲ. ಎಂಜಿನಿಯರ್ ಮಾತಲ್ಲೂ ನ್ಯಾಯವಿತ್ತು. ಇವತ್ತು ಬೆಂದದ್ದು ಒಂದೇ ಒಂದು ಪೀಸು, ಮುಂದಿನದಕ್ಕೂ ಅದೇ ಟೇಪ್ ಇರುತ್ತದೆ ಅಂತ ಯಾರು ಹೇಳಬೇಕು? ಕಾಗದ ಇಲ್ಲದಿದ್ದರೆ ಬಾಬಿನ್, ಟೇಪ್ ಎಲ್ಲವನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸಬೇಕು, ಪ್ರತಿಯೊಂದಕ್ಕೂ ಬೇರೆ ಫೀಸು.

ನನ್ನ ತಕರಾರು ಇರುವುದು ಈ ಲೆಕ್ಕದ ಬಗ್ಗೆ. ಲ್ಯಾಬಿನ ಫೀಸು ಮಾಡೆಲ್ಲಿಗೆ, ಪೀಸಿಗಲ್ಲ. ಅದೇ ಮಾಡೆಲ್ಲನ್ನು 20,000 ಮಾಡುವ ಕಂಪನಿಗೆ ಒಂದೊಂದರ ಮೇಲೆ ಬೀಳುವುದು ಚಿಲ್ಲರೆ ಕಾಸು. 20 ಮಾಡುವವನಿಗೆ ಅದರ ಸಾವಿರ ಪಟ್ಟು. ಒಮ್ಮೆ ಕೊಟ್ಟು ಮುಗಿಯುವುದೂ ಇಲ್ಲ. ಮುಖ್ಯ ಬಿಡಿಭಾಗಗಳ ಪಟ್ಟಿಯಲ್ಲಿ ಒಂದು ಹೆಸರು ಬದಲಾದರೆ ಮತ್ತೆ ಫೈಲ್ ತೆರೆಯಬೇಕು. ಅಮೆರಿಕಕ್ಕೆ ಯುಎಲ್ ಎನ್ನುವ ಸುರಕ್ಷತಾ ಸಂಸ್ಥೆಯ ಗುರುತು ಬೇಕೆಂದರೆ ಅವರು ಆಗಾಗ ಬಂದು ಕಟ್ಟುವ ಜಾಗವನ್ನೂ ನೋಡಿ ಹೋಗುತ್ತಾರೆ, ಅದಕ್ಕೂ ದುಡ್ಡು. 2022ರ ಮಾರ್ಚ್‌ನಲ್ಲಿ ರಷ್ಯಾ ಟ್ಯೂಬ್ ರಫ್ತು ನಿಲ್ಲಿಸಿದಾಗ ಎಲ್ಲರೂ ಸ್ಲೊವಾಕಿಯಾದ್ದೋ ಚೀನಾದ್ದೋ ಸಿಕ್ಕಿದ್ದನ್ನು ತಂದು ಸಾಕೆಟ್ಟಿಗೆ ಹಾಕಿದರು. ಪವರ್ ಟ್ರಾನ್ಸ್‌ಫಾರ್ಮರನ್ನು ಹಾಗೆ ಸುಮ್ನೆ ಬದಲಿಸಲಾಗುವುದಿಲ್ಲ.

ಸದ್ದನ್ನು ಏರಿಳಿಸುತ್ತಾ ನಡುಗಿಸುವ ನಮ್ಮ ಟ್ರೆಮೊಲೊ ಮಾಡೆಲ್ಲಿನ ಕಥೆ ಅಲ್ಲೇ ಮುಗಿಯಿತು. ಅದರಲ್ಲಿ ನಿಯಾನ್ ಬಲ್ಬಿನ ಎದುರು ಒಂದು ಬೆಳಕಿನ ಸೆಲ್ ಕೂರುತ್ತದೆ, ಕ್ಯಾಡ್ಮಿಯಮ್ ಸಲ್ಫೈಡಿನದು. ವಿಷಕಾರಿ ವಸ್ತುಗಳನ್ನು ತಡೆಯುವ ಯುರೋಪಿನ ರೋಹ್ಸ್ ನಿಯಮದಲ್ಲಿ ಕ್ಯಾಡ್ಮಿಯಮ್ ಮಿತಿ 0.01 ಶೇಕಡಾ. ಎಂಜಿನಿಯರ್ ಸರ್ಕ್ಯೂಟಿನ ನಕ್ಷೆಯ ಮೇಲೆ ಬೆರಳಿಟ್ಟು ‘ಇದನ್ನು ತರಲೇಬೇಡಿ’ ಎಂದರು.

ಕೊನೆಗೆ ಪವರ್ ಟ್ರಾನ್ಸ್‌ಫಾರ್ಮರನ್ನು ಸರ್ಟಿಫಿಕೇಟ್ ಇರುವ ಕಾರ್ಖಾನೆಯಿಂದ ತರಿಸುವುದೆಂದಾಯಿತು. ಟ್ಯೂಬಿನಿಂದ ಸ್ಪೀಕರಿಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾತ್ರ ನಮ್ಮ ಹಿರಿಯರ ಕೈಯದೇ. ಅದು ನೇರ ಮೇನ್ಸಿಗೆ ಸೇರುವುದಿಲ್ಲ, ಸ್ಪೀಕರ್ ಕಡೆಯ ಸುತ್ತಿನ (ಸೆಕೆಂಡರಿಯ) ಒಂದು ತುದಿ ಷಾಸಿಗೆ ಅರ್ಥ್ ಆಗಿರುತ್ತದೆ, ಹಾಗಾಗಿ ಅಷ್ಟು ಗಲಾಟೆ ಇರಲಿಲ್ಲ. ಸೌಂಡ್ ಇರುವುದೂ ಅದರಲ್ಲೇ ಬಿಡಿ. ಅವರಿಗೆ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಗೊಣಗಿ, ‘ಆ ಸರ್ಟಿಫಿಕೇಟಿನ ಟೇಪ್ ಒಂದು ರೋಲ್ ನಂಗೂ ತರಿಸಿಕೊಡು’ ಎಂದರು. ಕಾರ್ಖಾನೆಯವರು ಪವರ್ ಟ್ರಾನ್ಸ್‌ಫಾರ್ಮರನ್ನು ಚಿಲ್ಲರೆಯಾಗಿ ಕೊಡುವುದಿಲ್ಲ. ನಮಗೆ ವರ್ಷಗಟ್ಟಲೆ ಸಾಕಾಗುವಷ್ಟು ಒಂದೇ ಸಲ ಕೊಳ್ಳಬೇಕಾಯಿತು. ಆ ಡಬ್ಬಗಳು ಖಾಲಿಯಾಗುವವರೆಗೆ ಹೊಸ ಮಾಡೆಲ್ ಮಾತೇ ಎತ್ತಬೇಡ ಅಂತ ಗೆಳೆಯ ಹೇಳಿಬಿಟ್ಟಿದ್ದಾನೆ.