ಫೈಲಿನ ಹೆಸರಿನಲ್ಲಿ ಕಸ ಯಾವುದು, ದಾಖಲೆ ಯಾವುದು

"ಕಾಪಿ ಆಫ್ ಪಹಣಿ ಹೊನ್ನವಳ್ಳಿ ಫೈನಲ್ ನ್ಯೂ (1)". ನಾನು ತಿಪಟೂರಿನಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತಿಕೆ ಮಾಡುತ್ತೇನೆ. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಪ್ರತಿ ಫೋಲ್ಡರಿನಲ್ಲೂ ಇಂಥ ಹೆಸರುಗಳಿದ್ದವು. ಜಮೀನಿನ ದಾವೆಗಳೇ ನಮ್ಮಲ್ಲಿ ಜಾಸ್ತಿ. ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ), ಇ.ಸಿ. (ಋಣಭಾರ ಪ್ರಮಾಣಪತ್ರ), ಹನ್ನೊಂದು ಇ ಸ್ಕೆಚ್ (ಸರ್ವೆಯ ಅಳತೆ ನಕ್ಷೆ), ಕ್ರಯಪತ್ರ, ವಂಶವೃಕ್ಷ, ಎಲ್ಲವೂ ಕಕ್ಷಿದಾರರ ಫೋನಿನಿಂದಲೋ ಸೈಬರ್ ಅಂಗಡಿಯಿಂದಲೋ ಬರುತ್ತವೆ. ಬರುವಾಗ ಹೆಸರಿಗೆ ಏನೇನೋ ಅಂಟಿಸಿಕೊಂಡೇ ಬರುತ್ತವೆ. ಗೂಗಲ್ ಡ್ರೈವ್ ಮುಂದೆ "ಕಾಪಿ ಆಫ್" ಹಚ್ಚುತ್ತದೆ, ವಿಂಡೋಸ್ ಹಿಂದೆ "ಕಾಪಿ" ಹಚ್ಚುತ್ತದೆ, ಬ್ರೌಸರ್ (1), (2) ಎಂದು ಹಾಕುತ್ತದೆ, ಸ್ಕ್ಯಾನ್ ಮಾಡುವ ಆ್ಯಪ್ ತನ್ನ ಹೆಸರನ್ನೇ ಬರೆದುಕೊಳ್ಳುತ್ತದೆ. ಫೈನಲ್, ನ್ಯೂ, ಲೇಟೆಸ್ಟ್ ಎಂಬುವನ್ನು ಸೇರಿಸುವವರು ನಾವೇ.

ಇದನ್ನೆಲ್ಲ ಒಟ್ಟಿಗೆ ತೆಗೆಯಲು ನಾನು ಬಳಸುವುದು ಪವರ್‌ಟಾಯ್ಸ್. ಮೈಕ್ರೋಸಾಫ್ಟ್‌ನವರೇ ಉಚಿತವಾಗಿ ಕೊಡುವ ಪರಿಕರಗಳ ಕಟ್ಟು ಅದು. ಅದರೊಳಗೆ ಪವರ್‌ರಿನೇಮ್ ಎಂಬುದು ಇದೆ. ಫೈಲುಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ ತೆರೆದರೆ ಎರಡು ಖಾನೆ ಕಾಣುತ್ತವೆ: ಹುಡುಕಬೇಕಾದ ಮಾತು ಒಂದರಲ್ಲಿ, ಅದರ ಬದಲಿಗೆ ಬರಬೇಕಾದದ್ದು ಇನ್ನೊಂದರಲ್ಲಿ. ಎರಡನೆಯದನ್ನು ಖಾಲಿ ಬಿಟ್ಟರೆ ಮಾತು ಅಳಿಸಿಹೋಗುತ್ತದೆ. ಹಳೆಯ ಹೆಸರು ಒಂದು ಕಡೆ, ಹೊಸ ಹೆಸರು ಇನ್ನೊಂದು ಕಡೆ ಮೊದಲೇ ತೋರಿಸುತ್ತದೆ. ಎಕ್ಸ್‌ಟೆನ್ಷನ್ (ಕೊನೆಯ .pdf ಥರದ ಭಾಗ) ಮುಟ್ಟದಂತೆ ಹೆಸರಿಗೆ ಮಾತ್ರ ಅನ್ವಯಿಸುವ ಆಯ್ಕೆಯೂ ಇದೆ. ಅದನ್ನು ಯಾವಾಗಲೂ ಹಾಕಿಕೊಳ್ಳಿ. ಪರಿಕರದ ಮಾತು ಇಷ್ಟೇ, ಕಲಿಯಲು ಒಂದು ಮಧ್ಯಾಹ್ನ ಸಾಕು. ಯಾವ ಮಾತನ್ನು ತೆಗೆಯಬಹುದು ಎಂದು ತೀರ್ಮಾನಿಸುವುದಕ್ಕೆ ಮಾತ್ರ ಕೆಲಸ ಗೊತ್ತಿರಬೇಕು.

"ಕಾಪಿ" ಎಂಬ ಮಾತನ್ನೇ ತೆಗೆದುಕೊಳ್ಳಿ. ಒಂದು ಫೋಲ್ಡರಿನಲ್ಲಿ "ಜಡ್ಜ್‌ಮೆಂಟ್ ಕಾಪಿ" ಇರುತ್ತದೆ, "ಜಡ್ಜ್‌ಮೆಂಟ್ ಸರ್ಟಿಫೈಡ್ ಕಾಪಿ" ಎಂದೂ ಇರುತ್ತದೆ. ಮೊದಲನೆಯದರಲ್ಲಿ ಆ ಮಾತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡನೆಯದು ನ್ಯಾಯಾಲಯ ಮೊಹರು ಹಾಕಿ ಕೊಟ್ಟ ದೃಢೀಕೃತ ನಕಲು. ಅದಕ್ಕೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ ಎರಡೂ ಮುಖ್ಯ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ, ಮೇಲ್ಮನವಿಯ ಗಡುವು ಎಣಿಸುವಾಗ ಆ ನಕಲು ಪಡೆಯಲು ಹಿಡಿದ ಸಮಯವನ್ನು ಬಿಟ್ಟು ಎಣಿಸುತ್ತಾರೆ. ಜೆರಾಕ್ಸಿನ ಸ್ಕ್ಯಾನೂ ದೃಢೀಕೃತ ನಕಲಿನ ಸ್ಕ್ಯಾನೂ ಒಂದೇ ಹೆಸರಿನಲ್ಲಿ ಕೂತುಬಿಟ್ಟರೆ, ಅವಸರದ ದಿನ ಯಾವುದನ್ನು ತೆರೆಯಬೇಕು?

"ಫೈನಲ್" ಇನ್ನೂ ಸೂಕ್ಷ್ಮ. ಪಾಲು ವಿಭಾಗದ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ ಬರುತ್ತದೆ: ಯಾರಿಗೆ ಎಷ್ಟು ಪಾಲು ಎಂಬುದಷ್ಟೇ ಅದರಲ್ಲಿ. ಆಮೇಲೆ ಎಫ್‌ಡಿಪಿ (ಫೈನಲ್ ಡಿಕ್ರಿ ಕೋರುವ ಅರ್ಜಿ) ಹಾಕಿ, ಅಳತೆಯಾಗಿ, ಯಾವ ತುಂಡು ಯಾರದು ಎಂದು ಗುರುತಾದ ಮೇಲೆ ಫೈನಲ್ ಡಿಕ್ರಿ. ಎರಡರ ನಡುವೆ ವರ್ಷಗಳೇ ಕಳೆದಿರಬಹುದು, ದಾವೆ ಹೂಡಿದವರು ತೀರಿಕೊಂಡು ಮಕ್ಕಳು ಬಂದು ನಿಂತಿರಬಹುದು. ಫೋಲ್ಡರಿನಲ್ಲಿರುವ "ಫೈನಲ್" ಎಲ್ಲವನ್ನೂ ಕಸವೆಂದು ಗುಡಿಸಿದರೆ "ಫೈನಲ್ ಡಿಕ್ರಿ" ಬರೀ "ಡಿಕ್ರಿ" ಆಗುತ್ತದೆ. ನಮ್ಮ ಟೈಪಿಂಗಿನ "ವಕಾಲತ್ತು ಫೈನಲ್ ಫೈನಲ್" ಎಂಬುದರಲ್ಲಿರುವ ಫೈನಲ್ ಬೇರೆ, ಇದು ಬೇರೆ. ಯಂತ್ರಕ್ಕೆ ಎರಡೂ ಒಂದೇ.

ಹಾಗೆಯೇ "ನ್ಯೂ". ಗೋಮಾಳದಲ್ಲಿ ಮಂಜೂರಾದ ಜಮೀನಿಗೆ ದರಖಾಸ್ತು ಪೋಡಿ (ಅಳೆದು ಬೇರೆ ಮಾಡುವ ಕೆಲಸ) ಆದಾಗ ಹೊಸ ಸರ್ವೆ ನಂಬರು ಬರುತ್ತದೆ. ಹಳೆಯ ಪಹಣಿಗಳು ಮೂಲ ನಂಬರಿನಲ್ಲಿ, ಈಚಿನವು ಹೊಸ ನಂಬರಿನಲ್ಲಿ. "ನ್ಯೂ ಸರ್ವೆ ನಂಬರ್" ಎಂದು ಬರೆದಿಟ್ಟ ಫೈಲಿನಲ್ಲಿ ಆ "ನ್ಯೂ" ಇಡೀ ಹೆಸರಿನಲ್ಲೇ ಅತಿ ಬೆಲೆಯುಳ್ಳ ಮಾತು.

ಆದ್ದರಿಂದ ಒಂಟಿ ಪದವನ್ನು ನಾನು ಎಂದೂ ಹುಡುಕುವುದಿಲ್ಲ. ಅಕ್ಕಪಕ್ಕದ ಖಾಲಿ ಜಾಗ, ಹೈಫನ್, ಅದು ಇರುವ ಸ್ಥಾನ ಎಲ್ಲವನ್ನೂ ಸೇರಿಸಿ ಹುಡುಕುತ್ತೇನೆ. ಹೆಸರಿನ ಆರಂಭದಲ್ಲೇ ಇರುವ "ಕಾಪಿ ಆಫ್" ಡ್ರೈವ್ ಹಚ್ಚಿದ್ದು, ತೆಗೆಯಬಹುದು. "ಫೈನಲ್ ಫೈನಲ್" ಎಂದು ಜೋಡಿಯಾಗಿರುವುದು ನಮ್ಮದೇ ಕೈವಾಡ, ತೆಗೆಯಬಹುದು. "ಡಿಕ್ರಿ" ಇರುವ ಫೈಲುಗಳನ್ನು ಮೊದಲೇ ಬೇರೆ ಫೋಲ್ಡರಿಗೆ ಸರಿಸಿ ಕಣ್ಣಿನಿಂದ ನೋಡುತ್ತೇನೆ.

ಇನ್ನು (1). ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲೀಕರಣಕ್ಕೆ ನಮ್ಮ ಕಡೆ ಎಷ್ಟೋ ಜನರ ತೆಂಗಿನ ತೋಟ ಹೋಗಿದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ 3ಎ(1) ಅಧಿಸೂಚನೆ, 3ಡಿ(1) ಘೋಷಣೆ ಎಂದು ಬರುತ್ತವೆ. ಹಳೆಯ 1894ರ ಭೂಸ್ವಾಧೀನ ಕಾಯ್ದೆಯ ಕಡತಗಳಲ್ಲಿ 4(1), 6(1). ಈ ಆವರಣ ಕಾನೂನಿನದು. ಕಣ್ಣು ಮುಚ್ಚಿ (1) ಅಳಿಸಿದರೆ ಉಪಕಲಂ ಹೋಗಿ ಬರೀ "3ಎ ಅಧಿಸೂಚನೆ" ಉಳಿಯುತ್ತದೆ. ಕ್ರೋಮ್ ಬ್ರೌಸರ್ ಹಾಕುವ (1) ಹೆಸರಿನ ಕಟ್ಟಕಡೆಗೆ, ಮುಂದೆ ಒಂದು ಖಾಲಿ ಜಾಗ ಬಿಟ್ಟು ಬರುತ್ತದೆ. ಕಾನೂನಿನ ಆವರಣ ಕಲಮಿಗೆ ಅಂಟಿಕೊಂಡಿರುತ್ತದೆ. ಈ ಒಂದು ಖಾಲಿ ಜಾಗವೇ ಆಧಾರ. ಪವರ್‌ರಿನೇಮ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ (ಮಾತಿನ ಬದಲು ಅದರ ಮಾದರಿ ಕೊಟ್ಟು ಹುಡುಕುವ) ಆಯ್ಕೆ ಒತ್ತಿ, ಮೊದಲು ಒಂದು ಸ್ಪೇಸ್ ಕೊಟ್ಟು \([0-9]+\)$ ಎಂದು ಬರೆದರೆ ಕೊನೆಯಲ್ಲಿರುವ, ಮುಂದೆ ಜಾಗವಿರುವ ಆವರಣ ಮಾತ್ರ ಸಿಗುತ್ತದೆ. ಡಾಲರ್ ಚಿಹ್ನೆಗೆ ಅಲ್ಲಿ "ಹೆಸರು ಇಲ್ಲಿಗೆ ಮುಗಿಯಿತು" ಎಂದರ್ಥ. ಫೈರ್‌ಫಾಕ್ಸ್ ಮಾತ್ರ ಜಾಗ ಬಿಡದೆ (1) ಅಂಟಿಸುತ್ತದೆ. ಹಾಗೆ ಬಂದವನ್ನು ಒಂದೊಂದಾಗಿ ನೋಡದೆ ಬೇರೆ ದಾರಿಯಿಲ್ಲ.

ಆ (1) ತೆಗೆದ ಕೂಡಲೇ ಇನ್ನೊಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಮೂಲ ಹೆಸರಿನ ಫೈಲು ಅಲ್ಲೇ ಇದೆಯಲ್ಲ, ಒಂದೇ ಹೆಸರಿನ ಎರಡು ಫೈಲು ಒಂದು ಫೋಲ್ಡರಿನಲ್ಲಿ ಇರಲಾರವು. ಹೇಗೂ ಡೂಪ್ಲಿಕೇಟ್ ಎಂದು (1) ಇರುವುದನ್ನು ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಬ್ಯಾಂಕಿನ ಸಾಲದಂಥ ಋಣಭಾರ ಇರುತ್ತದೆ. ರೈತರೊಬ್ಬರು ಸೊಸೈಟಿಯ ಸಾಲ ತೀರಿಸಿ, 11ನೇ ಕಾಲಂ ತೆರವಾದ ಮೇಲೆ ಅದೇ ಪಹಣಿಯನ್ನು ಮತ್ತೆ ತೆಗೆಸಿ ಕಳಿಸುತ್ತಾರೆ. ಹೆಸರು ಅದೇ ಆದ್ದರಿಂದ ಕಂಪ್ಯೂಟರ್ ಅದಕ್ಕೆ (1) ಹಚ್ಚುತ್ತದೆ. ನಮಗೆ ಬೇಕಾದದ್ದೇ ಆ (1) ಇರುವ ಪಹಣಿ! ಗಾತ್ರ ಒಂದೇ ಇದ್ದರೂ ಎರಡನ್ನೂ ತೆರೆದು 11ನೇ ಕಾಲಂ ನೋಡಿ, ತೆಗೆದ ದಿನಾಂಕವನ್ನು ಹೆಸರಿಗೆ ಸೇರಿಸಿ, ಆಮೇಲೆ ಆವರಣ ಬಿಡಿಸುವುದು ನನ್ನ ಕ್ರಮ.

ವಾಟ್ಸಾಪಿನಿಂದ ಬಂದ ಚಿತ್ರಗಳ ಹೆಸರು ಉದ್ದ, ನೋಡಲು ಬೇಸರ. ಆದರೂ ಅದರೊಳಗಿನ ದಿನಾಂಕವನ್ನು ಬಿಸಾಡಬೇಡಿ. ಫೋಟೋ ಆಗಿ ಕಳಿಸಿದ ಚಿತ್ರದಿಂದ ಕ್ಯಾಮೆರಾ ಬರೆದ ಮಾಹಿತಿಯನ್ನು ವಾಟ್ಸಾಪ್ ತೆಗೆದುಹಾಕಿರುತ್ತದೆ. ಕಂಪ್ಯೂಟರಿನಲ್ಲಿ ಕಾಣುವ ದಿನಾಂಕ ನಾವು ಇಳಿಸಿಕೊಂಡ ದಿನದ್ದು. ಕಾಗದ ಯಾವಾಗ ಬಂತು ಎನ್ನಲು ಎಷ್ಟೋ ಸಲ ಆ ಹೆಸರೊಂದೇ ಗುರುತು. "ವಾಟ್ಸಾಪ್ ಇಮೇಜ್" ಎಂಬಷ್ಟನ್ನು ಮಾತ್ರ ಕತ್ತರಿಸಿ, 2023-08-14 ಎಂಬಂಥ ಭಾಗವನ್ನು ಹಾಗೇ ಇಡಿ. ವರ್ಷ, ತಿಂಗಳು, ದಿನ ಎಂಬ ಆ ಕ್ರಮದಲ್ಲಿದ್ದರೆ ಫೈಲುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ತಿಂಗಳನ್ನು ಮೊದಲು ಬರೆಯುವ ಸ್ಕ್ಯಾನ್ ಆ್ಯಪ್‌ಗಳೂ ಇವೆ. 05-08 ಎಂದರೆ ಮೇ ಎಂಟೋ ಆಗಸ್ಟ್ ಐದೋ ಎಂದು ಒಳಗಿನ ಕಾಗದ ನೋಡಿಯೇ ಹೇಳಬೇಕು.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ. ಇದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಪರದೆಯ ಮೇಲೆ "ಹೋಬಳಿ" ಎಂದು ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಹುಡುಕುವ ಖಾನೆಯಲ್ಲಿ "ಹೋಬಳಿ" ಎಂದು ಟೈಪ್ ಮಾಡಿದರೆ ಅರ್ಧ ಫೈಲುಗಳು ಸಿಗುತ್ತವೆ, ಇನ್ನರ್ಧ ಸಿಗುವುದಿಲ್ಲ. ಕಾರಣ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಲ್ಲಿದೆ. "ಹೋ" ಅಕ್ಷರದ ದೀರ್ಘ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇದರ ಜೊತೆಗೆ "ನಂಬರ್" ಥರದ ಅರ್ಧಾಕ್ಷರದ ಪದಗಳ ಕೊನೆಯಲ್ಲಿ ಕಾಣದ ಒಂದು ಅಕ್ಷರ ಕೂತಿರುವುದುಂಟು. ಮುಂದಿನ ವ್ಯಂಜನ ಒತ್ತಾಗದಂತೆ ತಡೆಯುವುದು ಅದರ ಕೆಲಸ. "ನಂಬರ್‌ಗೆ" ಎಂಬಲ್ಲಿ ಅದು ಬೇಕೇ ಬೇಕು, ತೆಗೆದರೆ ಅರ್ಕಾವತ್ತು ಬಂದು ಪದವೇ ಕೆಡುತ್ತದೆ. ಪಕ್ಕದಲ್ಲಿ ಖಾಲಿ ಜಾಗವಿದ್ದರೆ ಅದಕ್ಕೆ ಅಲ್ಲಿ ಕೆಲಸವಿಲ್ಲ, ತೆಗೆಯಬಹುದು. ನಾನು ಕಂಡುಕೊಂಡ ಸುಲಭ ಉಪಾಯ ಒಂದೇ: ಕನ್ನಡ ಪದವನ್ನು ಟೈಪ್ ಮಾಡಿ ಹುಡುಕದೆ, ಸಿಗದೆ ಉಳಿದ ಫೈಲಿನ ಹೆಸರಿನಿಂದಲೇ ಆ ಪದವನ್ನು ಕಾಪಿ ಮಾಡಿ ಖಾನೆಗೆ ಅಂಟಿಸುವುದು.

ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಹೆಸರುಗಳ ಸ್ಥಿತಿ ಬೇರೆಯೇ. ಫೈಲಿನ ಹೆಸರಿಗೆ ಬೇಕಾದ ಫಾಂಟ್ ಹಾಕಲಾಗದು, ಹಾಗಾಗಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಯೇ ಕಾಣುತ್ತವೆ. ಆ ಸಾಲುಗಳನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಓದಲು ಬರುತ್ತದೆ. ಹಾಗೆ ಓದಿ, ಫೈಲ್ ತೆರೆದು, ಪಕ್ಕದಲ್ಲಿ ಕೇಸ್ ಡೈರಿ ಇಟ್ಟುಕೊಂಡು ಒಂದೊಂದಕ್ಕೇ ಹೆಸರಿಡುತ್ತಿದ್ದೇನೆ. ಅಲ್ಲಿ ಒಟ್ಟಿಗೆ ಬದಲಿಸುವ ಪ್ರಶ್ನೆಯೇ ಇಲ್ಲ.

ಅಂದ ಹಾಗೆ, ವಿಂಡೋಸ್‌ನಲ್ಲಿ ಓರೆಗೆರೆ ಹೆಸರಿನೊಳಗೆ ಬರುವಂತಿಲ್ಲ. ಸರ್ವೆ ನಂಬರ್ 45/2 ಅನ್ನು ಒಬ್ಬರು 45-2 ಎಂದು, ಇನ್ನೊಬ್ಬರು 45_2 ಎಂದು, ಮತ್ತೊಬ್ಬರು 45.2 ಎಂದು ಬರೆದಿರುತ್ತಾರೆ. ನಮ್ಮಲ್ಲಿ ಈಗ ಹೈಫನ್ ಹಿಸ್ಸಾಕ್ಕೂ (ಸರ್ವೆ ನಂಬರಿನ ಉಪಭಾಗಕ್ಕೂ) ದಿನಾಂಕಕ್ಕೂ ಮಾತ್ರ ಮೀಸಲು, ಬೇರೆ ಭಾಗಗಳ ನಡುವೆ ಅಡಿಗೆರೆ. ಹೆಸರು ಅಂದವಾಗಲಿ ಎಂದು ಹೈಫನ್‌ಗಳನ್ನೆಲ್ಲ ಒಂದೇ ಏಟಿಗೆ ತೆಗೆದರೆ 45-2 ಹೋಗಿ 452 ಆಗುತ್ತದೆ, ಅದು ಇನ್ಯಾರದೋ ಹೊಲ.

ಬದಲಿಸುವ ಮುಂಚೆ ಹಳೆಯ ಹೆಸರುಗಳ ಪಟ್ಟಿ ಇಟ್ಟುಕೊಳ್ಳಿ. ಎಲ್ಲ ಫೈಲುಗಳನ್ನು ಆರಿಸಿ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ "ಕಾಪಿ ಆ್ಯಸ್ ಪಾತ್" ಸಿಗುತ್ತದೆ. ಅದನ್ನು ಎಕ್ಸೆಲ್ಲಿಗೆ ಅಂಟಿಸಿದರೆ ಕನ್ನಡ ಕೆಡದೆ ಬರುತ್ತದೆ. ಪವರ್‌ಶೆಲ್ ಗೊತ್ತಿರುವವರು ಅದರಿಂದಲೇ ಸಿಎಸ್‌ವಿ ಪಟ್ಟಿ ತೆಗೆಯಬಹುದು, ಆದರೆ ವಿಂಡೋಸಿನ ಜೊತೆ ಬರುವ 5.1 ಆವೃತ್ತಿಯಲ್ಲಿ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳದಿದ್ದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗಿ ಬರುತ್ತದೆ. ವರ್ಷ ಕಳೆದ ಮೇಲೆ ಯಾರಾದರೂ ಹಳೆಯ ಹೆಸರು ಹೇಳಿ ಫೈಲ್ ಕೇಳಿದರೆ ಆ ಪಟ್ಟಿಯೇ ಗತಿ. ಇನ್ನು, ಲೀಗಲ್ ನೋಟಿಸುಗಳ ಮೇಲ್ ಮರ್ಜ್‌ಗೆ ವಿಳಾಸ ಒದಗಿಸುವ ಎಕ್ಸೆಲ್ ಫೈಲನ್ನಾಗಲಿ, ಬೇರೆ ಎಕ್ಸೆಲ್‌ಗೆ ಲಿಂಕ್ ಆಗಿರುವ ಶುಲ್ಕದ ಲೆಕ್ಕವನ್ನಾಗಲಿ ಈ ಗುಂಪಿಗೆ ಸೇರಿಸಬೇಡಿ. ಅವು ಒಂದನ್ನೊಂದು ಹೆಸರು ಹಿಡಿದೇ ಹುಡುಕುತ್ತವೆ.

ಕೊನೆಗೆ ಪಿಡಿಎಫ್. ವರ್ಡ್‌ನಿಂದ ಪ್ರಿಂಟ್ ಕೊಟ್ಟು ಮಾಡಿದ ಪಿಡಿಎಫ್‌ನ ಒಳಗೆ ಟೈಟಲ್ ಎಂಬ ಬೇರೆ ಹೆಸರೊಂದಿರುತ್ತದೆ. ಹೊರಗಿನ ಹೆಸರನ್ನು ಎಷ್ಟು ಶುದ್ಧ ಮಾಡಿದರೂ, ಎದುರು ವಕೀಲರು ತೆರೆದಾಗ ಮೇಲಿನ ಪಟ್ಟಿಯಲ್ಲಿ "ಮೈಕ್ರೋಸಾಫ್ಟ್ ವರ್ಡ್", ಅದರ ಮುಂದೆ ಯಾವುದೋ ಹಳೆಯ ಕಕ್ಷಿದಾರರ ಹೆಸರಿನ ಕರಡು ಎಂದು ಕಾಣಬಹುದು, ಏಕೆಂದರೆ ಆ ಅರ್ಜಿಯನ್ನು ಹಳೆಯ ಅರ್ಜಿಯ ಮೇಲೇ ತಿದ್ದಿ ಮಾಡಿರುತ್ತಾರೆ. ಒಬ್ಬ ಕಕ್ಷಿದಾರರ ಹೆಸರು ಇನ್ನೊಬ್ಬರ ಕಾಗದದಲ್ಲಿ ಹೊರಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಇ-ಫೈಲಿಂಗಿಗೆ ಹೋಗುವ ಪ್ರತಿ ಪಿಡಿಎಫ್‌ನ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆದು ಟೈಟಲ್ ಮತ್ತು ಆಥರ್ ಎರಡನ್ನೂ ನೋಡಿದ ಮೇಲೇ ಸೀನಿಯರ್ ಮೇಜಿಗೆ ಕಳಿಸುತ್ತೇನೆ.