ಎಂಗಾಡಿನ್ ಕಣಿವೆಯಲ್ಲಿ ಗ್ರಾವೆಲ್ ಸೈಕಲ್: ಗಾಳಿ ನೋಡಿಕೊಂಡು ಹೊರಡಿ

ಬೆಂಗಳೂರಿನ ಸೈಕಲ್ ಸವಾರರಿಗೆ ಒಂದು ಅಭ್ಯಾಸ ಇದೆ. ನಂದಿ ಬೆಟ್ಟ ಹತ್ತಬೇಕು ಅಂದರೆ ನಸುಕಿನ ನಾಲ್ಕಕ್ಕೇ ಎದ್ದುಬಿಡುತ್ತೇವೆ. ಸ್ವಿಟ್ಜರ್ಲೆಂಡಿನ ಎಂಗಾಡಿನ್ ಕಣಿವೆಯಲ್ಲೂ ನಾನು ಅದೇ ಲೆಕ್ಕ ಹಾಕಿದೆ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದೆ. ಜ್ಯೂರಿಕ್‌ನಲ್ಲಿರುವ ತಂಗಿಯ ಗಂಡ ಹಾಸಿಗೆಯಿಂದಲೇ ಹೇಳಿದ: "ಭಾವ, ಇನ್ನೂ ಸ್ವಲ್ಪ ಮಲಗಿ. ಗಾಳಿ ಎದ್ದಿಲ್ಲ."

ಗಾಳಿ ಏಳಲಿ ಅಂತ ಕಾಯುವ ಸೈಕಲ್ ಸವಾರನನ್ನು ನಾನು ಅವತ್ತೇ ನೋಡಿದ್ದು.

ವಿಷಯ ಹೀಗಿದೆ. ಬೆಟ್ಟದ ಕಣಿವೆಗಳಲ್ಲಿ ಹಗಲು ಗಾಳಿ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಮೇಲಿನ ಎಂಗಾಡಿನ್‌ನಲ್ಲಿ ಮಾತ್ರ ಉಲ್ಟಾ. ಪಕ್ಕದ ಬ್ರೆಗಾಲ್ಯ ಕಣಿವೆಯಿಂದ ಏರಿ ಬಂದ ಗಾಳಿ ಮಲೋಯಾ ಘಾಟಿ ದಾಟಿ, ಇನ್ ನದಿ ಹರಿಯುವ ದಿಕ್ಕಿನಲ್ಲೇ ಇಳಿಯುತ್ತದೆ. ಇದಕ್ಕೆ ಮಲೋಯಾ ಗಾಳಿ ಅಂತಲೇ ಹೆಸರು. ಬಿಸಿಲಿರುವ ದಿನ ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಸಿಲ್ವಾಪ್ಲಾನಾ ಕೆರೆಯ ಮೇಲೆ ಗಾಳಿಪಟ ಕಟ್ಟಿಕೊಂಡು ಹಲಗೆಯ ಮೇಲೆ ಜಾರುವವರು ಬರುವುದೇ ಈ ಗಾಳಿಗಾಗಿ. ನಮಗೂ ಇದು ಬೆನ್ನಿಗೆ ಬಿದ್ದರೆ ಪುಕ್ಕಟೆ ಮೋಟಾರು. ಎದುರಿಗೆ ಸಿಕ್ಕರೆ, ಸಮತಟ್ಟಿನ ದಾರಿಯಲ್ಲೂ ಉಸಿರು ಕೀಳುತ್ತದೆ.

ಆದ್ದರಿಂದ ಮಲೋಯಾದಲ್ಲಿ ಬಸ್ಸು ಇಳಿದು ಹನ್ನೊಂದರ ಹೊತ್ತಿಗೆ ಶುರು ಮಾಡಿ, ಈಶಾನ್ಯಕ್ಕೆ ಹೋಗಿ. ಉಲ್ಟಾ ಹೋಗಲೇಬೇಕು ಅಂದರೆ ನನ್ನ ಹಾಗೆ ಬೆಳಿಗ್ಗೆ ಆರಕ್ಕೇ ಹೊರಡಿ, ಮಧ್ಯಾಹ್ನದೊಳಗೆ ಮುಗಿಸಿಬಿಡಿ.

ತಲುಪುವುದು ಸುಲಭ. ಜ್ಯೂರಿಕ್‌ನಿಂದ ಕೂರ್, ಅಲ್ಲಿಂದ ರೇಷಿಯನ್ ರೈಲ್ವೆಯ ಕೆಂಪು ರೈಲಿನಲ್ಲಿ ಸುಮಾರು ಎರಡು ಗಂಟೆ ಕೂತರೆ ಸೇಂಟ್ ಮೋರಿಟ್ಸ್. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅಲ್ಬುಲಾ ಮಾರ್ಗ ಇದೇ. ಮಲೋಯಾಗೆ ಮುಂದೆ ಬಸ್ಸಿದೆ. ಸೈಕಲ್‌ಗೆ ಬೇರೆ ಟಿಕೆಟ್ ತೆಗೆಯಬೇಕು, ಮರೆಯಬೇಡಿ. ಕೆಳಗಿನ ಸ್ಕುವೋಲ್ ಊರಿಗೆ ನೇರ ಹೋಗುವವರು ಲಾಂಡ್‌ಕ್ವಾರ್ಟ್ ಕಡೆಯಿಂದ ಬರಬಹುದು. ಆ ದಾರಿಯ ವೆರೈನಾ ಸುರಂಗ 19 ಕಿ.ಮೀ. ಉದ್ದ, 1999ರಲ್ಲಿ ತೆರೆದದ್ದು.

ಒಂದು ಮಾತು. ನಮ್ಮಲ್ಲಿ ಬೈಕ್ ಅಂದರೆ ಮೋಟಾರ್ ಬೈಕೇ ಅಲ್ವಾ? ಅದಕ್ಕೇ ನಾನು ಸೈಕಲ್ ಅಂತಲೇ ಬರೆಯುತ್ತೇನೆ. ಗ್ರಾವೆಲ್ ಸೈಕಲ್ ನೋಡಲು ರೇಸ್ ಸೈಕಲ್‌ನಂತೆ, ಬಾಗಿದ ಹ್ಯಾಂಡಲ್, ಆದರೆ ಟಯರು ದಪ್ಪ. ಇಲ್ಲಿಗೆ 40 ಮಿ.ಮೀ. ಟಯರಿಗಿಂತ ಕಡಿಮೆ ಬೇಡ. ಗೇರಿನ ವಿಷಯದಲ್ಲಿ ನನ್ನ ಲೆಕ್ಕ ಸರಳ: ಹಿಂದಿನ ಅತಿ ದೊಡ್ಡ ಹಲ್ಲುಚಕ್ರ ಮುಂದಿನ ಚಿಕ್ಕ ಚಕ್ರಕ್ಕಿಂತ ದೊಡ್ಡದಿರಬೇಕು. ಇಲ್ಲದಿದ್ದರೆ ಜಲ್ಲಿಯ ಏರಿನಲ್ಲಿ ತಳ್ಳಿಕೊಂಡೇ ಹೋಗಬೇಕಾಗುತ್ತದೆ.

ಮೊದಲ ದಿನ ಮಲೋಯಾದಿಂದ ಝೆರ್ನೆಟ್ಸ್ ತನಕ. ಮಲೋಯಾ 1,815 ಮೀಟರ್, ಝೆರ್ನೆಟ್ಸ್ 1,474 ಮೀಟರ್. ನಂದಿ ಬೆಟ್ಟದ ತುದಿ 1,478 ಮೀಟರ್ ಅನ್ನುವುದು ನೆನಪಾಗಿ ನಗು ಬಂತು. ನಾವು ಬೆವರು ಸುರಿಸಿ ಹತ್ತುವ ಎತ್ತರದಲ್ಲಿ ಇಲ್ಲಿ ಇಳಿಜಾರು ಮುಗಿಯುತ್ತದೆ! ಕೆರೆಗಳ ಪಕ್ಕದ ದಾರಿ ಚೆಂದ, ಆದರೆ ಜುಲೈ ಆಗಸ್ಟಿನಲ್ಲಿ ನಡೆಯುವವರು ಜಾಸ್ತಿ. ಗಂಟೆ ಬಾರಿಸಿ, ನಿಧಾನ ಮಾಡಿ, "ಅಲೆಗ್ರಾ" ಅನ್ನಿ. ಇದು ಇಲ್ಲಿನ ರೊಮಾಂಶ್ ಭಾಷೆಯ ನಮಸ್ಕಾರ. ಸಮೇದನ್ ದಾಟಿದ ಮೇಲೆ ನದಿಯ ಪಕ್ಕ ಹುಲ್ಲುಗಾವಲಿನ ನಡುವೆ ಜಲ್ಲಿ ದಾರಿ, ಬೆನ್ನಿಗೆ ಗಾಳಿ. ಪೆಡಲ್ ತುಳಿದದ್ದೇ ಗೊತ್ತಾಗಲಿಲ್ಲ. ಶ್ಚಾನ್ಫ್ ಆದ ಮೇಲೆ ಕಾಡಿನೊಳಗೆ ಏರಿಳಿತ ಶುರುವಾಗುತ್ತದೆ, ಅಲ್ಲಿಗೆ ಕಾಲಿನಲ್ಲಿ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ.

ದಾರಿ ತಪ್ಪುವ ಭಯ ಬೇಡ. ಸೈಕಲ್ ದಾರಿಗೆ ಕೆಂಪು ಫಲಕ, ನಡೆಯುವ ದಾರಿಗೆ ಹಳದಿ ಫಲಕ.

ಎರಡನೇ ದಿನದ ಬಗ್ಗೆ ಒಂದು ಎಚ್ಚರಿಕೆ. ನಕ್ಷೆಯಲ್ಲಿ ನದಿ ಕೆಳಗೆ ಹರಿಯುತ್ತದೆ, ಆದ್ದರಿಂದ ಸ್ಕುವೋಲ್ ತನಕ ಬರೀ ಇಳಿಜಾರು ಅಂದುಕೊಳ್ಳಬೇಡಿ. ಲಾವಿನ್ ಆದ ಮೇಲೆ ಗುವಾರ್ಡಾ ಊರು ಬೆಟ್ಟದ ಪಕ್ಕೆಯಲ್ಲಿ 1,653 ಮೀಟರ್ ಎತ್ತರದಲ್ಲಿದೆ. ಹತ್ತಲೇಬೇಕು. ಹತ್ತಿದರೆ ಸಾರ್ಥಕ. ಗೋಡೆಯ ಗಾರೆಯನ್ನು ಕೆರೆದು ಚಿತ್ರ ಬಿಡಿಸಿದ ದಪ್ಪ ಗೋಡೆಯ ಮನೆಗಳು, ಆಳದಲ್ಲಿ ಕೂತ ಪುಟ್ಟ ಕಿಟಕಿಗಳು. ಅಲ್ಲಿಂದ ಬೋಶ್ಚಾ ಅನ್ನುವ ನಾಲ್ಕು ಮನೆಯ ಊರಿನ ಮೂಲಕ ಆರ್ಡೆಟ್ಸ್‌ಗೆ ಹೋಗುವ ಮಣ್ಣಿನ ದಾರಿ ಚಿಕ್ಕದು, ಚೊಕ್ಕದು.

ಸ್ಕುವೋಲ್‌ನಲ್ಲಿ ಒಂದು ಮಜಾ ಇದೆ. ಬೀದಿಯ ಕೆಲವು ಕಲ್ಲಿನ ತೊಟ್ಟಿಗಳಿಗೆ ಎರಡು ನಳಿಗೆ. ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ನೆಲದೊಳಗಿನಿಂದಲೇ ಗುಳ್ಳೆಗಟ್ಟಿ ಬರುವ ಖನಿಜದ ನೀರು. ಪುಕ್ಕಟೆ ಸೋಡಾ! ನಾನು ಕುಡಿದು ನೋಡಿದೆ. ಕಬ್ಬಿಣದ ಬಾಣಲೆ ತೊಳೆದ ನೀರಿಗೆ ಸೋಡಾ ಬೆರೆಸಿದ ಹಾಗಿತ್ತು. ಆದರೂ ಆಸೆಗೆ ಬಾಟಲಿ ತುಂಬಿಕೊಂಡೆ. ಜಲ್ಲಿಯ ಮೇಲೆ ಒಂದು ಗಂಟೆ ಕುಲುಕಿದ ಬಾಟಲಿಯ ಮುಚ್ಚಳ ತೆರೆದಾಗ ಅರ್ಧ ನೀರು ನನ್ನ ಮುಖದ ಮೇಲೆ. ನೀವು ಸಾದಾ ನಳಿಗೆಯದನ್ನೇ ತುಂಬಿಕೊಳ್ಳಿ. ಹಳ್ಳಿಗಳ ತೊಟ್ಟಿಯ ನೀರನ್ನು, ಕುಡಿಯಬಾರದು ಅಂತ ಬರೆದಿಲ್ಲದಿದ್ದರೆ, ಧೈರ್ಯವಾಗಿ ಕುಡಿಯಬಹುದು. ನೀರು ಕೊಂಡುಕೊಳ್ಳುವ ಖರ್ಚೇ ಇಲ್ಲ.

ಇನ್ನು ಮೂರನೇ ದಿನ. ನಿಮಗೆ ಇರುವುದು ಒಂದೇ ದಿನವಾದರೆ ಉಳಿದದ್ದೆಲ್ಲ ಬಿಟ್ಟು ಇದನ್ನೇ ಮಾಡಿ. ನನ್ನ ಅನುಭವದಲ್ಲಿ ಒಳ್ಳೆಯ ಜಲ್ಲಿ ದಾರಿ ಇರುವುದು ದೊಡ್ಡ ಕಣಿವೆಯಲ್ಲಲ್ಲ, ಅದರ ಪಕ್ಕದ ಸಣ್ಣ ಕಣಿವೆಗಳಲ್ಲಿ.

ಸ್ಕುವೋಲ್‌ನಿಂದ ದಕ್ಷಿಣಕ್ಕೆ ಶ್ಚಾರ್ಲ್ ಊರಿಗೆ ಸುಮಾರು 13 ಕಿ.ಮೀ. ಮೊದಲು ನದಿ ದಾಟಿ ಡಾಂಬರಿನಲ್ಲಿ ಏರು, ಆಮೇಲೆ ಜಲ್ಲಿ. ಎರಡೂ ಬದಿಯ ಬೂದು ಬಣ್ಣದ ಬೆಟ್ಟದಿಂದ ಕಲ್ಲಿನ ಹರಿವು ದಾರಿಯ ತನಕ ಇಳಿದು ಬಂದಿರುತ್ತದೆ. ಮಳೆ ಬಂದ ಮರುದಿನ ಹೋಗುವುದಾದರೆ ದಾರಿ ತೆರೆದಿದೆಯಾ ಅಂತ ಊರಿನಲ್ಲಿ ಕೇಳಿಕೊಂಡು ಹೊರಡಿ. ಶ್ಚಾರ್ಲ್ 1,810 ಮೀಟರ್ ಎತ್ತರದಲ್ಲಿದೆ. ಒಂದು ಕಾಲದಲ್ಲಿ ಇಲ್ಲಿ ಸೀಸ ಮತ್ತು ಬೆಳ್ಳಿಯ ಗಣಿ ಇತ್ತು. ಸ್ವಿಟ್ಜರ್ಲೆಂಡಿನ ಕೊನೆಯ ಕರಡಿಯನ್ನು ಹೊಡೆದದ್ದೂ ಇದೇ ಕಣಿವೆಯಲ್ಲಿ, 1904ರಲ್ಲಿ. ಸುಮಾರು ನೂರು ವರ್ಷ ಕಳೆದು, 2005ರಲ್ಲಿ, ಈ ಸೀಮೆಗೆ ಮತ್ತೆ ಒಂದು ಕರಡಿ ಬಂತು.

ಶ್ಚಾರ್ಲ್ ಮೇಲೆ ತಮಾಂಗುರ್ ಕಾಡು. ಯುರೋಪಿನಲ್ಲಿ ಇಷ್ಟು ಎತ್ತರದಲ್ಲಿ ಬರೀ ಆರ್ವೆ ಪೈನ್ ಮರಗಳೇ ಇರುವ ಕಾಡು ಬೇರೆ ಇಲ್ಲ. ಸೈಕಲ್ ಮಲಗಿಸಿ ಒಂದು ಮರದ ಹತ್ತಿರ ಹೋದೆ. ಬುಡ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ಅರ್ಧ ಸತ್ತು ಬಿಳಿಚಿದೆ, ಇನ್ನರ್ಧದಲ್ಲಿ ಹಸಿರು ಸೂಜಿಗಳು, ಗೊಂಚಲಿಗೆ ಐದೈದು. ತೊಗಟೆಗೆ ಮೂಗಿಟ್ಟರೆ ರಾಳದ ಸಿಹಿ ವಾಸನೆ. ರೊಮಾಂಶ್ ಮಾತಾಡುವವರಿಗೆ ಈ ಕಾಡು ತಮ್ಮ ಭಾಷೆಯದೇ ಗುರುತು. ಆ ಭಾಷೆ ಸ್ವಿಟ್ಜರ್ಲೆಂಡಿನ ರಾಷ್ಟ್ರಭಾಷೆಗಳಲ್ಲಿ ಒಂದಾದದ್ದು 1938ರಲ್ಲಿ.

ಅಲ್ಲಿಂದ ಕೊಸ್ಟೈನಾಸ್ ಘಾಟಿ, 2,251 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 320 ಮೀಟರ್ ಜಾಸ್ತಿ. ಏರು ಕಡಿದಲ್ಲ, ಆದರೆ ಗಾಳಿ ತೆಳು. ಹುಲ್ಲುಗಾವಲಿನಲ್ಲಿ ಕರುವಿನ ಜೊತೆ ಹಸುಗಳಿದ್ದರೆ ದೂರದಿಂದ ಸುತ್ತಿಕೊಂಡು ಹೋಗಿ. ನಮ್ಮೂರ ಹಸುಗಳ ಹಾಗೆ ಬೆನ್ನು ಸವರಲು ಹೋಗಬೇಡಿ, ತಾಯಿ ಹಸು ಹಾಯುತ್ತದೆ. ಕುರಿ ಕಾಯುವ ನಾಯಿ ಬೊಗಳಿದರೆ ಸೈಕಲ್‌ನಿಂದ ಇಳಿದು ಸುಮ್ನೆ ನಿಧಾನವಾಗಿ ನಡೆಯಿರಿ. ತೆಗೆದ ಗೇಟನ್ನು ಮುಚ್ಚಿ.

ಘಾಟಿ ದಾಟಿ ಲ್ಯೂ ಊರಿನ ಕಡೆ ಇಳಿಯುವಾಗ ನನಗೆ ಎಡವಟ್ಟಾಯಿತು. ಹಿಂದಿನ ಬ್ರೇಕ್ ಮೊದಲು ಕಿರುಗುಟ್ಟಿತು. ಆಮೇಲೆ ಲೋಹಕ್ಕೆ ಲೋಹ ಉಜ್ಜುವ ಸದ್ದು. ನೋಡಿದರೆ ಪ್ಯಾಡ್ ಪೂರ್ತಿ ಸವೆದಿದೆ. ಬಾಡಿಗೆ ಸೈಕಲ್. ಕೊಟ್ಟವರೂ ನೋಡಿರಲಿಲ್ಲ, ತಗೊಂಡ ನಾನೂ ನೋಡಿರಲಿಲ್ಲ. ಭಾವಮೈದುನ ಚೀಲದಿಂದ ಹೊಸ ಪ್ಯಾಡ್ ತೆಗೆದ, ಆದರೆ ಅದು ಅವನ ಸೈಕಲ್‌ನದು, ಆಕಾರವೇ ಬೇರೆ. ಕಡಿದಾದ ಕಡೆ ತಳ್ಳಿಕೊಂಡು, ಉಳಿದ ಕಡೆ ಮುಂದಿನ ಬ್ರೇಕನ್ನೇ ನಂಬಿಕೊಂಡು ಇಳಿದೆ. ಬಾಡಿಗೆಗೆ ತೆಗೆದುಕೊಳ್ಳುವಾಗ ಚಕ್ರ ಬಿಚ್ಚಿಸಿ ಪ್ಯಾಡ್ ನೋಡಿ. ಅದೇ ಮಾದರಿಯ ಒಂದು ಜೊತೆ ಕೇಳಿ ಇಟ್ಟುಕೊಳ್ಳಿ.

ವಾಪಸ್ ಬರಲು ಕೆಳಗಿನ ಮ್ಯುಸ್ಟೈರ್ ಕಣಿವೆಯಿಂದ ಓಫೆನ್ ಘಾಟಿ ದಾಟಿ ಝೆರ್ನೆಟ್ಸ್‌ಗೆ ಬಸ್ಸಿದೆ, ಅಲ್ಲಿಂದ ರೈಲು. ಬಸ್ಸಿನಲ್ಲಿ ಸೈಕಲ್‌ಗೆ ಜಾಗ ಕಡಿಮೆ, ಮೊದಲೇ ಕಾಯ್ದಿರಿಸಿ. ಆ ರಸ್ತೆ ಸ್ವಿಸ್ ರಾಷ್ಟ್ರೀಯ ಉದ್ಯಾನದ ನಡುವೆ ಹೋಗುತ್ತದೆ. 1914ರಲ್ಲಿ ಶುರುವಾದ ಉದ್ಯಾನ ಅದು. ಅದರೊಳಗಿನ ಕಾಲುದಾರಿಗಳಿಗೆ ಸೈಕಲ್ ಒಯ್ಯುವಂತಿಲ್ಲ.

ಊಟದ ವಿಷಯ. ಸಸ್ಯಾಹಾರಿಗಳು ಬಾರ್ಲಿ ಸೂಪ್ ಅಂತ ನಂಬಿ ತರಿಸಿಕೊಳ್ಳಬೇಡಿ, ಇಲ್ಲಿನ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಸೊಪ್ಪಿನಲ್ಲಿ ಸುತ್ತಿದ ಕಾಪುನ್ಸ್ ನೋಡಲು ನಮ್ಮ ಪತ್ರೊಡೆಯ ನೆಂಟನಂತೆ, ಆದರೆ ಒಳಗೆ ಒಣ ಮಾಂಸ ಇರಬಹುದು. ಕೇಳಿ ತಿನ್ನಿ. ಅಕ್ರೋಟು ಮತ್ತು ಕ್ಯಾರಮೆಲ್ ತುಂಬಿದ ಎಂಗಾಡಿನ್ ಕೇಕ್ ಒಂದು ತುಂಡು ಜೇಬಿನಲ್ಲಿದ್ದರೆ ಒಂದು ಘಾಟಿ ದಾಟಬಹುದು. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಬ್ರೆಡ್ಡು ಬಾಳೆಹಣ್ಣು ತಗೊಳ್ಳಿ.

ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಒಳ್ಳೆಯ ಕಾಲ. ಆದರೂ ಮೇಲೆ ಬೇಸಿಗೆಯಲ್ಲೇ ಹಿಮ ಬೀಳಬಹುದು, ಉದ್ದ ಕೈಯ ಬೆಚ್ಚನೆ ಅಂಗಿ ಇರಲಿ. ಸಂಜೆ ಗುಡುಗು ಮಳೆ ಇದೆ ಅಂತ ಮುನ್ಸೂಚನೆ ಇದ್ದರೆ ಮಧ್ಯಾಹ್ನದೊಳಗೆ ಘಾಟಿ ದಾಟಿಬಿಡಿ. ಅಪಾಯದಲ್ಲಿ ಹೆಲಿಕಾಪ್ಟರ್ ನೆರವಿಗೆ 1414.

ಜೊತೆಗೆ ಹೆಂಡತಿ ಮಕ್ಕಳಿದ್ದರೆ ಪೊಂಟ್ರೆಸೀನಾದಿಂದ ವಾಲ್ ರೊಸೆಜ್‌ಗೆ ಹೋಗಿ. ಸುಮಾರು 7 ಕಿ.ಮೀ. ಹದವಾದ ಜಲ್ಲಿ ದಾರಿ, ಕಾರು ಇಲ್ಲ, ಕುದುರೆ ಗಾಡಿಗಳಿವೆ. ಸುಸ್ತಾದವರು ಗಾಡಿಯಲ್ಲಿ ಬರಲಿ.

ನಾಲ್ಕನೇ ದಿನ ವಾಲ್ ಮೋರಾ ಕಣಿವೆ ಹಿಡಿದು ಇಟಲಿಯ ಕೆರೆಗಳ ತನಕ ಹೋಗುವ ಯೋಜನೆ ಇತ್ತು. ಬ್ರೇಕ್ ಇಲ್ಲದೆ ಅದು ಹಾಗೇ ಉಳಿಯಿತು. ಬ್ರೇಕ್ ಇದ್ದಿದ್ದರೂ ಕಷ್ಟವೇ ಇತ್ತು. ನಡುವೆ ಗಡಿ ದಾಟಬೇಕು, ನನ್ನ ಪಾಸ್‌ಪೋರ್ಟ್ ಸ್ಕುವೋಲ್‌ನ ಹೋಟೆಲ್ ರೂಮಿನಲ್ಲಿತ್ತು.